ಒತ್ತಿದ ಎಳೆ, ಎಳೆದ ಎಳೆ

ಕೊಳ್ಳೇಗಾಲ ಸೀಮೆಯನ್ನು ಪಡುವಲಿಂದ ಮೂಡಲಿಗೆ ದಾಟಿದರೆ ಬೆಳೆ ಮೂರು ಸಲ ಬದಲಾಗುತ್ತದೆ. ಕಾವೇರಿ ದಂಡೆಯ ಮುಳ್ಳೂರು, ದಾಸನಪುರ, ಹರಳೆಯ ಕಡೆ ಭತ್ತದ ಗದ್ದೆ. ಹೊಳೆ ಉಕ್ಕಿದ ವರ್ಷ ಇದೇ ಊರುಗಳಿಗೆ ಮೊದಲು ನೀರು ನುಗ್ಗುವುದು. ನದಿಯನ್ನು ಹಿಂದೆ ಬಿಟ್ಟು ಹನೂರಿನತ್ತ ಹೋದರೆ ಮಳೆಯನ್ನೇ ನಂಬಿದ ರಾಗಿ ಹೊಲ. ಇನ್ನೂ ಒಳಗೆ, ಕಾಡಿನ ಅಂಚಿನ ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ಬಂದು ನೆಲೆಸಿದ ಟಿಬೆಟನ್ನರ ಮುಸುಕಿನ ಜೋಳದ ಹೊಲ. ಈ ಮೂರೂ ಕಡೆ ಹಿಟ್ಟನ್ನು ಸಣ್ಣ ಎಳೆ ಮಾಡಿ ಬೇಯಿಸಿ ತಿನ್ನುವ ಪದ್ಧತಿ ಇದೆ. ಗದ್ದೆ ಬಯಲಲ್ಲಿ ಅಕ್ಕಿಯ ಒತ್ತು ಶಾವಿಗೆ, ಹೊಲದ ಸೀಮೆಯಲ್ಲಿ ರಾಗಿ ಶಾವಿಗೆ, ಟಿಬೆಟನ್ನರ ಮನೆಗಳಲ್ಲಿ ಗೋಧಿಯ ಥುಕ್ಪಾ.

ಮೊದಲೆರಡನ್ನು ಒತ್ತುತ್ತಾರೆ, ಮೂರನೆಯದನ್ನು ಎಳೆಯುತ್ತಾರೆ ಇಲ್ಲವೆ ಲಟ್ಟಿಸಿ ಕೊಯ್ಯುತ್ತಾರೆ. ಜಗತ್ತಿನ ತೆಳು ಎಳೆಯ ಅಡುಗೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೂ ಮುಖ್ಯವಾಗಿ ಕಾಣುವ ಗೆರೆ ಇದೇ. ಈ ಎರಡು ದಾರಿ ಎಲ್ಲಿ ಕವಲೊಡೆದವು, ಯಾವ ಊಟಕ್ಕೆ ಯಾವ ಎಳೆ ಒಗ್ಗಿತು, ನಮ್ಮ ಒತ್ತು ಶಾವಿಗೆ ಈಗ ಎಲ್ಲಿ ನಿಂತಿದೆ ಎಂಬುದನ್ನು ನೋಡಬೇಕಾದರೆ ಮೊದಲು ಅಡುಗೆಮನೆಗೆ ಹೋಗಬೇಕು.

ಒತ್ತು ಶಾವಿಗೆ ಒಬ್ಬರ ಕೈಲಾಗುವ ಕೆಲಸವಲ್ಲ. ಅಕ್ಕಿಯನ್ನು ತೊಳೆದು, ನೆನೆಸಿ, ನೀರು ಬಸಿದು, ನೆರಳಲ್ಲಿ ಆರಿಸಿ ಹಿಟ್ಟು ಮಾಡಿಸುವುದು ಹಿಂದಿನ ದಿನದ ಕೆಲಸ. ಬೆಳಿಗ್ಗೆ ಎಸರಿಟ್ಟು, ಉಪ್ಪು ಹಾಕಿ, ನೀರು ಮರಳುವಾಗ ಹಿಟ್ಟು ಸುರಿದು, ಮುದ್ದೆ ಕೋಲಿನಿಂದ ಗಂಟಿಲ್ಲದಂತೆ ತೊಳಸುತ್ತಾರೆ. ಬಿಸಿ ಇರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ನಾದಿ, ಒರಳಿನ ಬಾಯಿಗೆ ಹಿಡಿಸುವಷ್ಟು ದೊಡ್ಡ ಉಂಡೆ ಕಟ್ಟುತ್ತಾರೆ. ಅಲ್ಲಿಗೆ ಮುಗಿಯಲಿಲ್ಲ. ಆ ಉಂಡೆಗಳನ್ನು ಮತ್ತೆ ಕುದಿಯುವ ನೀರಿಗೆ ಬಿಡಬೇಕು, ಇಲ್ಲವೆ ಹಬೆಯಲ್ಲಿ ಬೇಯಿಸಬೇಕು. ಬೆಂದ ಉಂಡೆಯನ್ನು ಮುರಿದು ನೋಡಿದರೆ ನಡುವೆ ಹಸಿ ಹಿಟ್ಟಿನ ಬಿಳುಪು ಉಳಿದಿರಬಾರದು. ಆಮೇಲೆ ಸುಡುವ ಉಂಡೆಯನ್ನೇ ಒರಳಿಗೆ ಹಾಕಿ ಒತ್ತಬೇಕು.

ಹಳೆಯ ಶಾವಿಗೆ ಒರಳು ಮರದ್ದು. ಗಟ್ಟಿ ಕಾಲುಗಳ ಮೇಲೆ ನಿಂತ ದಪ್ಪ ದಿಮ್ಮಿ, ನಡುವೆ ಗುಂಡನೆಯ ಬಾಯಿ, ಬಾಯಿಯ ತಳಕ್ಕೆ ಸಣ್ಣ ತೂತುಗಳ ಹಿತ್ತಾಳೆ ಬಿಲ್ಲೆ. ಮೇಲೊಂದು ಉದ್ದನೆಯ ತೊಲೆ. ಅದರ ಒಂದು ತುದಿ ಗೂಟಕ್ಕೆ ಸಿಕ್ಕಿಕೊಂಡಿರುತ್ತದೆ, ಇನ್ನೊಂದು ತುದಿಯ ಮೇಲೆ ಮನೆಯ ಗಟ್ಟಿ ಆಳು ಮೈಭಾರ ಬಿಡುತ್ತಾನೆ. ಒರಳಿನ ಕೆಳಗೆ ಒಬ್ಬರು ಬಾಳೆಲೆಯನ್ನೋ ತಟ್ಟೆಯನ್ನೋ ಸುತ್ತು ತಿರುಗಿಸುತ್ತ ಇಳಿಯುವ ಎಳೆಯನ್ನು ಹಿಡಿಯುತ್ತಾರೆ. ಎಳೆ ಒಂದರ ಮೇಲೊಂದು ರಾಶಿ ಬಿದ್ದರೆ ಅಂಟಿಕೊಂಡು ಮುದ್ದೆಯಾಗುತ್ತದೆ. ಆದ್ದರಿಂದ ತಿರುಗಿಸುವ ಕೈಗೂ ಒತ್ತುವ ಕೈಗೂ ಹೊಂದಾಣಿಕೆ ಬೇಕು. ಮೂರನೆಯವರು ಒಲೆಯ ಮುಂದಿದ್ದು ಉಂಡೆ ತೆಗೆದು ಕೊಡುತ್ತಾರೆ. ಮಕ್ಕಳಿಗೆ ತೊಲೆಯ ತುದಿಗೆ ಜೋತುಬೀಳುವ ಸಂಭ್ರಮ. ಈಚೆಗೆ ಕಬ್ಬಿಣದ ಮುಕ್ಕಾಲಿಯ ಮೇಲೆ ತಿರುಪು ತಿರುಗಿಸಿ ಒತ್ತುವ ಯಂತ್ರ ಬಂದು ಆಳಿನ ಬಲ ಕಡಿಮೆ ಸಾಕಾಗಿದೆ. ಆದರೂ ಇಬ್ಬರಿಲ್ಲದೆ ಕೆಲಸ ಸಾಗದು.

ಇಷ್ಟೊಂದು ಅವಸರ ಯಾಕೆ, ಸುಡುತ್ತಿರುವಾಗಲೇ ಒತ್ತಬೇಕೆಂಬ ಹಟ ಯಾಕೆ ಎಂದರೆ ಕಾರಣ ಅಕ್ಕಿಯ ಗುಣದಲ್ಲಿದೆ. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಅದರ ಪ್ರೋಟೀನುಗಳು ಹೆಣೆದುಕೊಂಡು ಗ್ಲುಟೆನ್ ಎಂಬ ಜಿಗುಟಾದ ಬಲೆಯಾಗುತ್ತದೆ. ಆ ಬಲೆ ಇರುವುದರಿಂದಲೇ ಗೋಧಿ ಕಣಕ ಹರಿಯದೆ ಹಿಗ್ಗುತ್ತದೆ. ಅಕ್ಕಿ, ರಾಗಿ, ನವಣೆಗಳಲ್ಲಿ ಗ್ಲುಟೆನ್ ಇಲ್ಲ. ಅಕ್ಕಿ ಹಿಟ್ಟಿನ ಹಸಿ ಕಣಕವನ್ನು ಎಳೆದರೆ ಮುರಿದುಬೀಳುತ್ತದೆ. ಅದರಲ್ಲಿ ಎಳೆ ಹಿಡಿದು ನಿಲ್ಲಿಸಬಲ್ಲದ್ದು ಪಿಷ್ಟ ಮಾತ್ರ, ಅದೂ ಬೆಂದ ಮೇಲೆ. ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಕ್ಕಿಯ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಆರುತ್ತ ಬಂದಂತೆ ಅದೇ ಪಿಷ್ಟ ಮತ್ತೆ ಬಿಗಿದುಕೊಂಡು ಗಟ್ಟಿಯಾಗುತ್ತದೆ. ಬಿಸಿಯಲ್ಲಿ ಒತ್ತಿದರೆ ತೂತಿನಿಂದ ಸಲೀಸಾಗಿ ಇಳಿದು, ಹೊರಗಿನ ಗಾಳಿ ತಾಗಿದ ಕೂಡಲೇ ಬಿಡಿಬಿಡಿ ಎಳೆಯಾಗಿ ನಿಲ್ಲುತ್ತದೆ. ತಡ ಮಾಡಿದರೆ ಒರಳಿನೊಳಗೇ ಬಿಗಿದುಕೊಂಡು ಯಾವ ಆಳಿಗೂ ಜಗ್ಗುವುದಿಲ್ಲ. ಹೊಸ ಅಕ್ಕಿಗಿಂತ ಹಳೆಯ ಅಕ್ಕಿಯ ಶಾವಿಗೆ ಉದುರಾಗಿ ಬರುತ್ತದೆಂದು ಹೆಂಗಸರು ಹೇಳುವುದರ ಹಿಂದೆಯೂ ಪಿಷ್ಟದ ಇದೇ ನಡವಳಿಕೆ ಇದೆ. ಪ್ರಯೋಗಾಲಯದ ಹೆಸರುಗಳು ಬರುವ ಎಷ್ಟೋ ಮೊದಲೇ ಅಡುಗೆಮನೆಗೆ ಈ ಲೆಕ್ಕ ಗೊತ್ತಿತ್ತು.

ಎಷ್ಟು ಮೊದಲು? ಕನ್ನಡದಲ್ಲೇ ಸಾಕ್ಷಿ ಇದೆ. ಕಲ್ಯಾಣದ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯ ಕ್ರಿ.ಶ. 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ನೆಲದಡಿಯ ನೀರು ಹುಡುಕುವ ಬಗೆ, ಗಿಡಮರಗಳ ಆರೈಕೆಯ ಜೊತೆಗೆ ಅಡುಗೆಯ ವಿಚಾರವೂ ಇದೆ. ಶಾವಿಗೆ ಮಾಡುವ ರೀತಿಯೂ ಅದನ್ನು ಒತ್ತುವ ಅಚ್ಚಿನ ಪ್ರಸ್ತಾಪವೂ ಅಲ್ಲಿ ಬರುತ್ತವೆ. ಸಾವಿರ ವರ್ಷದ ಹಿಂದೆ ಒತ್ತುವ ಸಾಧನ ಪುಸ್ತಕದಲ್ಲಿ ಬರೆದಿಡುವಷ್ಟು ನೆಲೆಗೊಂಡಿತ್ತು ಎಂದಾಯಿತು. ತಮಿಳು ನಾಡಿನಲ್ಲಿ ಇಡಿಯಾಪ್ಪಂ ಇನ್ನೂ ಹಿಂದಿನದೆಂದು, ಸಂಗಂ ಸಾಹಿತ್ಯದ ಉಲ್ಲೇಖಗಳನ್ನು ಆಧರಿಸಿ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಬರೆದಿದ್ದಾರೆ.

ಅಚ್ಚಯ್ಯನವರ ಹೆಸರು ಬಂದಲ್ಲಿ ಕೊಳ್ಳೇಗಾಲದವರು ಒಂದು ಕ್ಷಣ ನಿಲ್ಲಬೇಕು. ಭಾರತೀಯರು ಯಾವ ಕಾಲದಲ್ಲಿ ಏನು ತಿಂದರು ಎಂಬುದನ್ನು ಶಾಸನ, ಕಾವ್ಯ, ಪ್ರವಾಸಿಗರ ಬರಹ, ಉತ್ಖನನದ ಕಾಳುಗಳಿಂದ ಹೆಕ್ಕಿ ಜೋಡಿಸಿದ ಈ ವಿದ್ವಾಂಸ ಹುಟ್ಟಿದ್ದು 1923ರಲ್ಲಿ, ಕೊಳ್ಳೇಗಾಲದಲ್ಲಿ. ಕೊಡವ ಮನೆತನ, ಓದಿದ್ದು ತೈಲ ರಸಾಯನಶಾಸ್ತ್ರ. 1994ರಲ್ಲಿ ಹೊರಬಂದ ‘ಇಂಡಿಯನ್ ಫುಡ್: ಎ ಹಿಸ್ಟಾರಿಕಲ್ ಕಂಪ್ಯಾನಿಯನ್’ ಮತ್ತು ಆಮೇಲಿನ ಆಹಾರ ನಿಘಂಟು ಇಲ್ಲದೆ ಇವತ್ತು ದೇಶದಲ್ಲಿ ಯಾರೂ ಊಟದ ಚರಿತ್ರೆ ಬರೆಯುವುದಿಲ್ಲ. 2002ರಲ್ಲಿ ತೀರಿಕೊಂಡರು. ಹುಟ್ಟೂರಿನಲ್ಲಿ ಅವರ ಹೆಸರು ಇನ್ನಷ್ಟು ಜನರ ಬಾಯಲ್ಲಿ ಇರಬೇಕಿತ್ತು.

ಕೊಳ್ಳೇಗಾಲ ಆಗ ಮೈಸೂರು ಸಂಸ್ಥಾನದಲ್ಲಿರಲಿಲ್ಲ. ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕರ್ನಾಟಕಕ್ಕೆ ಬಂದದ್ದು 1956ರ ನವೆಂಬರ್ 1ರ ಏಕೀಕರಣದಲ್ಲಿ. ಪಕ್ಕದ ಯಳಂದೂರು ಮಾತ್ರ ಮೈಸೂರಿನದೇ. ಈ ಹಳೆಯ ಗಡಿಯನ್ನು ಶಾವಿಗೆಯ ದೃಷ್ಟಿಯಿಂದ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಕೊಯಮತ್ತೂರು, ಸತ್ಯಮಂಗಲ, ಈರೋಡಿನ ಕೊಂಗು ನಾಡಿನಲ್ಲಿ ‘ಸಂದಗೈ’ ಎಂಬ ತಿನಿಸು ಮನೆಮಾತು. ಅಲ್ಲಿ ಒಣ ಹಿಟ್ಟು ತೊಳಸುವುದಿಲ್ಲ. ಕುಸುಬಲಕ್ಕಿಯನ್ನು ನೆನೆಸಿ ರುಬ್ಬಿ, ಇಡ್ಲಿ ತಟ್ಟೆಯಲ್ಲಿ ಹಬೆಗಿಟ್ಟು, ಬೆಂದ ಇಡ್ಲಿಯನ್ನೇ ಬಿಸಿಯಾಗಿ ಮುಕ್ಕಾಲಿಯ ಒರಳಿಗೆ ಹಾಕಿ ಒತ್ತುತ್ತಾರೆ. ಮೈಸೂರು ಕಡೆಯ ಒತ್ತು ಶಾವಿಗೆಯಲ್ಲಿ ಹಿಟ್ಟನ್ನು ಮುದ್ದೆ ಮಾಡುತ್ತಾರೆ. ದಾರಿ ಬೇರೆ, ತತ್ವ ಒಂದೇ: ಮೊದಲು ಬೇಯಿಸು, ಆಮೇಲೆ ಒತ್ತು. ಕೇರಳದ, ಶ್ರೀಲಂಕಾದ ಇಡಿಯಾಪ್ಪದಲ್ಲಿ ಕ್ರಮ ತಿರುಗಿ ನಿಲ್ಲುತ್ತದೆ. ಬಿಸಿನೀರಲ್ಲಿ ಕಲಸಿದ ಹಿಟ್ಟನ್ನು ಮೊದಲು ಒತ್ತಿ ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಎಳೆ ಮೃದುವಾಗಿರುತ್ತದೆ, ಆದರೆ ಒತ್ತು ಶಾವಿಗೆಯ ಜಗಿತ ಅದಕ್ಕಿಲ್ಲ.

ಇನ್ನು ಊಟದ ಮಾತು. ಚಾಮರಾಜನಗರ, ಮೈಸೂರು, ಮಂಡ್ಯದ ಹಳ್ಳಿಗಳಲ್ಲಿ ಒತ್ತು ಶಾವಿಗೆ ಎಂದರೆ ನಂಟರು ಬಂದ ದಿನದ ಊಟ. ತೆಂಗಿನಕಾಯಿ, ಗಸಗಸೆ, ಏಲಕ್ಕಿ ರುಬ್ಬಿ ಬೆಲ್ಲ ಬೆರೆಸಿದ ಕಾಯಿಹಾಲು ಒಂದು ಬಟ್ಟಲಲ್ಲಿ, ಹುರಿದ ಎಳ್ಳಿನ ಪುಡಿ ಇನ್ನೊಂದರಲ್ಲಿ. ಮಾಂಸ ತಿನ್ನುವ ಮನೆಗಳಲ್ಲಿ ಮೊದಲ ಸುತ್ತು ನಾಟಿ ಕೋಳಿ ಸಾರಿನ ಜೊತೆ, ಎರಡನೆಯ ಸುತ್ತು ಕಾಯಿಹಾಲಿನ ಜೊತೆ. ಮಿಕ್ಕಿದ ಶಾವಿಗೆಗೆ ಮರುದಿನ ನಿಂಬೆಹಣ್ಣು ಹಿಂಡಿ, ಸಾಸಿವೆ, ಕಡಲೆಬೇಳೆ, ಕರಿಬೇವಿನ ಒಗ್ಗರಣೆ ಹಾಕುತ್ತಾರೆ. ಒಂದೇ ಎಳೆ ಖಾರಕ್ಕೂ ಸಿಹಿಗೂ ಹುಳಿಗೂ ಒದಗುತ್ತದೆ. ಎಳೆಗೆ ತನ್ನದೇ ರುಚಿಯ ಗದ್ದಲವಿಲ್ಲದಿರುವುದು ಅದರ ದೊಡ್ಡ ಗುಣ. ರಾಗಿ ಶಾವಿಗೆಯ ಕಥೆ ಸ್ವಲ್ಪ ಬೇರೆ. ರಾಗಿಗೆ ತನ್ನದೇ ಘಮ ಇದೆ, ಎಳೆಯೂ ಬೇಗ ತುಂಡಾಗುತ್ತದೆ. ಅದಕ್ಕೆ ಕಾಯಿತುರಿ, ಬೆಲ್ಲ, ತುಪ್ಪ ಬೆರೆಸಿ ಕೈಯಲ್ಲೇ ಕಲಸಿ ತಿನ್ನುವುದು ವಾಡಿಕೆ.

ಕರಾವಳಿಗೆ ಹೋದರೆ ಇದೇ ಶಾವಿಗೆ ಬಂಟರ ಮನೆಗಳಲ್ಲಿ ಕೋಳಿ ಗಸಿಯ ಜೊತೆ, ಉಡುಪಿಯ ಅಡುಗೆಯಲ್ಲಿ ಮಾವಿನಹಣ್ಣಿನ ರಸಾಯನದ ಜೊತೆ ಬರುತ್ತದೆ. ಕಾಸರಗೋಡು, ಪುತ್ತೂರಿನ ಹವ್ಯಕರು ಹಲಸಿನ ಕಾಲದಲ್ಲಿ ಅಕ್ಕಿಯ ಜೊತೆ ಹಲಸಿನಕಾಯಿ ತೊಳೆಯನ್ನೂ ರುಬ್ಬಿ ಸೇಮಿಗೆ ಒತ್ತುತ್ತಾರೆ. ಕೊಂಕಣಿ ಮನೆಗಳಲ್ಲಿ ಬೆಲ್ಲದ ತೆಂಗಿನ ಹಾಲು ಜೊತೆಗಿರಲೇಬೇಕು. ಕೊಡಗಿನ ನೂಪುಟ್ಟಿಗೆ ಕೋಳಿ ಕರಿ. ಭಟ್ಕಳದ ನವಾಯತರು ಇನ್ನೂ ಮುಂದೆ ಹೋಗಿ ಅನ್ನದ ಜಾಗದಲ್ಲಿ ಶಾವಿಗೆಯನ್ನೇ ಹಾಕಿ ಬಿರಿಯಾನಿ ಮಾಡುತ್ತಾರೆ. ಶೈಯಾ ಬಿರಿಯಾನಿಗೆ ಆ ಊರೇ ಹೆಸರುವಾಸಿ.

ಕೃಷ್ಣೆ, ಮಲಪ್ರಭೆಯ ಸೀಮೆಗೆ ಕಾಲಿಟ್ಟ ಕೂಡಲೇ ಧಾನ್ಯ ಗೋಧಿಯಾಗುತ್ತದೆ, ಒರಳು ಮಾಯವಾಗುತ್ತದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡದಲ್ಲಿ ಬೇಸಿಗೆ ಬಂತೆಂದರೆ ಶಾವಿಗೆ ಹೊಸೆಯುವ ಕಾಲ. ಜವೆ ಗೋಧಿಯ ಸಣ್ಣ ರವೆಯನ್ನು ಕಲಸಿ, ಚೆನ್ನಾಗಿ ನಾದಿ, ಸಾಲು ಗೀರುಗಳಿರುವ ಮಣೆಯ ಮೇಲೆ ಅಂಗೈಯಿಂದ ಹೊಸೆಯುತ್ತ ಎಳೆ ತೆಗೆಯುತ್ತಾರೆ. ಒಬ್ಬಾಕೆ ಹೊಸೆದರೆ ಇನ್ನೊಬ್ಬಾಕೆ ಎಳೆ ಹರಿಯದಂತೆ ಎತ್ತಿ ಕೋಲಿನ ಮೇಲೆ ಇಳಿಬಿಡುತ್ತಾಳೆ. ಓಣಿಯ ಹೆಂಗಸರು ಸರದಿಯ ಮೇಲೆ ಒಬ್ಬರ ಮನೆಯಲ್ಲೊಂದು ದಿನ ಸೇರಿ ಈ ಕೆಲಸ ಮುಗಿಸುತ್ತಿದ್ದರು. ಬೇಸಿಗೆಯ ಒಣ ಗಾಳಿಯಲ್ಲಿ ಒಣಗಿದ ಶಾವಿಗೆ ಡಬ್ಬಿ ಸೇರಿದರೆ ವರ್ಷವಿಡೀ ಕೆಡದು. ಬೀಗರು ಬಂದರೆ ಹತ್ತು ನಿಮಿಷದಲ್ಲಿ ಬೇಯಿಸಿ, ಬಸಿದು, ಬೆಲ್ಲ, ತುಪ್ಪ, ಹಾಲು ಹಾಕಿ ಬಡಿಸಬಹುದು. ಶಾವಿಗೆಯ ಜೊತೆಗೆ ಬೆರಳ ತುದಿಯಲ್ಲಿ ತಿರುವಿದ ಗವಲಿ, ಪರಡಿಗಳೂ ಮದುವೆಯ ರುಖವತದಲ್ಲಿ ಸಾಲಾಗಿ ಕೂರುತ್ತವೆ. ಈಗ ಹಿಟ್ಟಿನ ಗಿರಣಿಯ ಪಕ್ಕದಲ್ಲೇ ಶಾವಿಗೆ ಯಂತ್ರ ಬಂದಿದೆ. ರವೆ ಕೊಟ್ಟರೆ ಕಂಬಿಯ ಮೇಲೆ ಶಾವಿಗೆ ಇಳಿಯುತ್ತದೆ. ಗೋಧಿಯ ಎಳೆ ಯಂತ್ರಕ್ಕೆ ಸುಲಭವಾಗಿ ಒಪ್ಪಿಕೊಂಡಿತು, ಯಾಕೆಂದರೆ ಅದು ಮೊದಲಿನಿಂದಲೂ ಒಣಗಿಸಿ ಇಡುವ ಪದಾರ್ಥ.

ಇದೇ ಗೆರೆಯನ್ನು ಈಗ ಜಗತ್ತಿನ ನಕ್ಷೆಯ ಮೇಲೆ ಎಳೆಯಬಹುದು.

ಗೋಧಿಯ ಕಡೆ ನೋಡಿದರೆ ಒಣಗಿಸಿ ದೂರ ಸಾಗಿಸುವ ಚರಿತ್ರೆ. ಅರಬ್ ಭೂಗೋಳಜ್ಞ ಅಲ್ ಇದ್ರೀಸಿ 1154ರಲ್ಲಿ ಮುಗಿಸಿದ ಗ್ರಂಥದಲ್ಲಿ, ಸಿಸಿಲಿಯ ತ್ರಾಬಿಯಾ ಎಂಬ ಊರಲ್ಲಿ ‘ಇತ್ರಿಯಾ’ ಎಂಬ ಎಳೆಯ ತಿನಿಸನ್ನು ಹೇರಳವಾಗಿ ತಯಾರಿಸಿ ಹಡಗುಗಳಲ್ಲಿ ಮುಸ್ಲಿಂ, ಕ್ರೈಸ್ತ ನಾಡುಗಳಿಗೆ ಕಳಿಸುತ್ತಿದ್ದರೆಂದು ಬರೆದ. ಮಾರ್ಕೊ ಪೋಲೊ ಚೀನಾದಿಂದ ವೆನಿಸ್ಸಿಗೆ ಮರಳಿದ್ದು 1295ರಲ್ಲಿ. ಇಟಲಿಗೆ ಪಾಸ್ತಾ ತಂದವನು ಅವನೇ ಎಂಬ ಕಥೆ ಇನ್ನೂ ಓಡಾಡುತ್ತಿದೆ. ಅಲ್ ಇದ್ರೀಸಿಯ ಒಂದು ವಾಕ್ಯದ ಮುಂದೆ ಅದು ನಿಲ್ಲುವುದಿಲ್ಲ. ಸ್ಪೇನಿನ ಗಾಂದಿಯಾ ಕಡೆ ಇದೇ ಬಗೆಯ ತೆಳು ಎಳೆಗಳನ್ನು ಮೀನಿನ ರಸದಲ್ಲಿ ಬೇಯಿಸಿ ‘ಫಿದೆವಾ’ ಮಾಡುತ್ತಾರೆ. ಮೆಕ್ಸಿಕೊದಲ್ಲಿ ಎಳೆಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಟೊಮೆಟೊ ಸಾರಿಗೆ ಹಾಕುತ್ತಾರೆ. ಈಜಿಪ್ಟ್, ಲೆಬನಾನಿನಲ್ಲಿ ಹುರಿದ ಶಾವಿಗೆ ಅನ್ನದ ಜೊತೆಗೇ ಬೇಯುತ್ತದೆ. ಇರಾನಿನವರು ನವ್ರೋಜ್ ಹಬ್ಬಕ್ಕೆ ಸೊಪ್ಪು, ಕಾಳು, ಎಳೆಗಳನ್ನು ಕೂಡಿಸಿ ‘ಆಶ್ ರೆಷ್ತೆ’ ಎಂಬ ದಪ್ಪ ಸಾರು ಮಾಡುತ್ತಾರೆ. ಅದೇ ದೇಶದ ಶಿರಾಜಿನಲ್ಲಿ ಪಿಷ್ಟದ ಎಳೆಯನ್ನು ಸಕ್ಕರೆ, ಗುಲಾಬಿ ನೀರಿನಲ್ಲಿ ಹೆಪ್ಪುಗಟ್ಟಿಸಿದ ಫಾಲೂದೆ ಇದೆ. ನಮ್ಮ ಊರಿನ ಐಸ್‌ಕ್ರೀಂ ಅಂಗಡಿಯ ಫಾಲೂದಾ ಅದರ ಮರಿ. ರಂಜಾನ್ ಉಪವಾಸ ಮುಗಿದ ಬೆಳಿಗ್ಗೆ ಕೊಳ್ಳೇಗಾಲದ ಮುಸ್ಲಿಂ ಮನೆಗಳಲ್ಲಿ ಹಾಲು, ಖರ್ಜೂರ, ಒಣಹಣ್ಣಿನ ಜೊತೆ ಕುದಿಯುವ ಶೀರ್ ಖುರ್ಮಾ, ಉತ್ತರ ಕರ್ನಾಟಕದವರ ಬಾಯಲ್ಲಿ ಸುರಕುಂಬಾ, ಇದೇ ಗೋಧಿ ಎಳೆಯ ಬಳಗ. ಜಪಾನಿನ ಸೋಮೆನ್ ಇವೆಲ್ಲಕ್ಕಿಂತ ನಯ. ಅಲ್ಲಿನ ಮಾನದಂಡದ ಪ್ರಕಾರ ಎಳೆಯ ದಪ್ಪ 1.3 ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಬೇಸಿಗೆಯಲ್ಲಿ ಅದನ್ನು ಬೇಯಿಸಿ, ತಣ್ಣೀರಲ್ಲಿ ತೊಳೆದು, ಸೋಯಾ ರಸದಲ್ಲಿ ಅದ್ದಿ ತಿನ್ನುತ್ತಾರೆ.

ಅಕ್ಕಿಯ ಕಡೆ ನೋಡಿದರೆ ಒತ್ತಿದ ದಿನವೇ ತಿನ್ನುವ ಚರಿತ್ರೆ. ಮ್ಯಾನ್ಮಾರಿನವರ ಬೆಳಗಿನ ತಿಂಡಿ ‘ಮೊಹಿಂಗಾ’. ಅಕ್ಕಿ ಶಾವಿಗೆಯ ಮೇಲೆ ಮೀನಿನ ಸಾರು, ಆ ಸಾರಿನಲ್ಲಿ ಬಾಳೆದಿಂಡು. ಬಾಳೆದಿಂಡಿನ ಪಲ್ಯ ಬಲ್ಲ ಕನ್ನಡಿಗರಿಗೆ ಆ ಬಟ್ಟಲು ಅಪರಿಚಿತ ಎನಿಸದು. ಥಾಯ್ಲೆಂಡಿನ ‘ಖನೋಮ್ ಚೀನ್’ಗೆ ಅಕ್ಕಿಯನ್ನು ಕೆಲವು ದಿನ ಹುಳಿಬರಿಸಿ, ರುಬ್ಬಿ, ಬೇಯಿಸಿ, ನಾದಿ, ಬಿಲ್ಲೆಯ ಮೂಲಕ ಕುದಿಯುವ ನೀರಿಗೆ ನೇರವಾಗಿ ಒತ್ತುತ್ತಾರೆ. ವಿಯೆಟ್ನಾಮಿನ ‘ಬುನ್’ ಕೂಡ ಹೆಚ್ಚುಕಡಿಮೆ ಹೀಗೇ. ಹನೋಯಿಯಲ್ಲಿ ಅದು ಕೆಂಡದಲ್ಲಿ ಸುಟ್ಟ ಹಂದಿ ಮಾಂಸದ ಜೊತೆ, ಹ್ವೆಯಲ್ಲಿ ದನದ ಮಾಂಸದ ಖಾರದ ಸಾರಿನ ಜೊತೆ. ಶ್ರೀಲಂಕಾದಲ್ಲಿ ಕೆಂಪಕ್ಕಿಯ ಇಡಿಯಾಪ್ಪಕ್ಕೆ ತೆಂಗಿನ ಹಾಲಿನ ಸಾರು ಮತ್ತು ಖಾರದ ಕಾಯಿತುರಿ. ದಕ್ಷಿಣ ಭಾರತದಿಂದ ವಲಸೆ ಹೋದವರ ಜೊತೆ ಮಲೇಷ್ಯಾ, ಸಿಂಗಪುರ ಸೇರಿದ ‘ಪುಟ್ಟು ಮಾಯಂ’ಗೆ ಅಲ್ಲಿಯ ತಾಳೆಬೆಲ್ಲ, ಕಾಯಿತುರಿ. ಬೆಲ್ಲ ಮತ್ತು ತೆಂಗಿನಕಾಯಿ ಇರುವಲ್ಲೆಲ್ಲ ಅಕ್ಕಿಯ ಎಳೆ ಸಿಹಿಗೆ ಒಲಿದಿದೆ. ಮೀನು ಹೇರಳವಾಗಿರುವಲ್ಲಿ ಸಾರಿಗೆ ಒಲಿದಿದೆ. ಕರ್ನಾಟಕದ ಕರಾವಳಿಗೂ ಕಾವೇರಿ ಬಯಲಿಗೂ ಎರಡೂ ಒಲಿದಿವೆ.

ಈ ಎಲ್ಲ ಅಡುಗೆಗಳ ಬೇರು ಎಷ್ಟು ಆಳ ಎಂಬುದಕ್ಕೆ ಸಿಕ್ಕಿರುವ ಅತ್ಯಂತ ಹಳೆಯ ಸಾಕ್ಷಿ ಒಂದು ಮಣ್ಣಿನ ಬಟ್ಟಲು. ಚೀನಾದ ಚಿಂಘೈ ಪ್ರಾಂತ್ಯದಲ್ಲಿ, ಟಿಬೆಟ್ ಪ್ರಸ್ಥಭೂಮಿಯ ಈಶಾನ್ಯ ಅಂಚಿಗೆ ಹತ್ತಿರ, ಹಳದಿ ನದಿಯ ಮೇಲ್ದಂಡೆಯಲ್ಲಿ ಲಾಜಿಯಾ ಎಂಬ ನೆಲೆ ಇದೆ. ಸುಮಾರು 4000 ವರ್ಷಗಳ ಹಿಂದೆ ಭೂಕಂಪ ಮತ್ತು ಪ್ರವಾಹ ಆ ಊರನ್ನು ಒಟ್ಟಿಗೆ ಮುಚ್ಚಿಹಾಕಿದವು. ಅಗೆಯುವಾಗ ಸುಮಾರು 3 ಮೀಟರ್ ಕೆಸರಿನ ಅಡಿಯಲ್ಲಿ ಕವುಚಿ ಬಿದ್ದ ಬಟ್ಟಲೊಂದು ಸಿಕ್ಕಿತು. ಎತ್ತಿ ನೋಡಿದರೆ ಬಟ್ಟಲ ಆಕಾರದ ಮಣ್ಣಿನ ಗುಪ್ಪೆಯ ಮೇಲೆ ಹಳದಿ ಎಳೆಗಳು. ಸುಮಾರು 3 ಮಿಲಿಮೀಟರ್ ದಪ್ಪ, 50 ಸೆಂಟಿಮೀಟರಿಗೂ ಹೆಚ್ಚು ಉದ್ದ. ಹೂಯುವಾನ್ ಲೂ ಮತ್ತು ಸಂಗಡಿಗರು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ವರದಿ ಪ್ರಕಟಿಸಿದರು. ಎಳೆಗಳಲ್ಲಿ ಕಂಡ ಧಾನ್ಯಗಳು ಎರಡು: ನವಣೆ ಮತ್ತು ಬರಗು.

ಇಲ್ಲಿಂದ ವಾದ ಶುರುವಾಯಿತು. ವರದಿ ಮಾಡಿದವರು ಮೊದಲು ಊಹಿಸಿದ್ದು ಇದು ಕೈಯಿಂದ ಎಳೆದು ಮಾಡಿದ ಎಳೆ ಎಂದು. ಗ್ಲುಟೆನ್ ಇಲ್ಲದ ನವಣೆ ಹಿಟ್ಟನ್ನು ಅಷ್ಟುದ್ದ ಎಳೆಯಲು ಸಾಧ್ಯವೇ ಇಲ್ಲ ಎಂದು ಬೇರೆಯವರು ಆಕ್ಷೇಪ ಎತ್ತಿದರು. ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. 2014ರಲ್ಲಿ ಅದೇ ಸಂಶೋಧಕರ ತಂಡ ನವಣೆ, ಬರಗಿನ ಹಿಟ್ಟನ್ನು ಶಾಖದಲ್ಲಿ ಅಂಟಾಗಿಸಿ, ಉತ್ತರ ಚೀನಾದಲ್ಲಿ ಇಂದಿಗೂ ಬಳಕೆಯಲ್ಲಿರುವ ಒತ್ತುವ ಸಾಧನದಿಂದ ಎಳೆ ತೆಗೆದು ತೋರಿಸಿತು. ಬೇಯಿಸು, ಒತ್ತು. ನಮ್ಮ ಹಳ್ಳಿಯ ಯಾವ ಅಜ್ಜಿಯನ್ನು ಕೇಳಿದ್ದರೂ ಆ ಉತ್ತರ ಮೊದಲ ದಿನವೇ ಸಿಗುತ್ತಿತ್ತು. ತಿಳಿದಷ್ಟರಲ್ಲಿ ಜಗತ್ತಿನ ಮೊದಲ ಎಳೆ ಗೋಧಿಯದ್ದಲ್ಲ, ಕಿರುಧಾನ್ಯದ್ದು. ಅದನ್ನು ಮಾಡಲು ಸಾಧ್ಯವಿದ್ದ ದಾರಿ ಒತ್ತು ಶಾವಿಗೆಯ ದಾರಿ. ಈ ಸಮೀಕ್ಷೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ.

ಆ ಪ್ರಸ್ಥಭೂಮಿಯಿಂದ ಬಂದವರ ಮೊಮ್ಮಕ್ಕಳು ಈಗ ಹನೂರು ತಾಲ್ಲೂಕಿನಲ್ಲಿದ್ದಾರೆ. ಒಡೆಯರಪಾಳ್ಯದ ಧೋಂಡೆನ್‌ಲಿಂಗ್ ವಸತಿ, ಅಲ್ಲಿನ ಜೋಗ್ಚೆನ್ ಮಠ ನೋಡಲು ಹೋದವರಿಗೆ ಥುಕ್ಪಾದ ಪರಿಚಯ ಇರುತ್ತದೆ. ಥುಕ್ಪಾದಲ್ಲೂ ಬಗೆಗಳಿವೆ. ಕಣಕವನ್ನು ಪಟ್ಟಿಯಂತೆ ಎಳೆದು, ಚೂರು ಚೂರಾಗಿ ಹರಿದು ಕುದಿಯುವ ಸಾರಿಗೆ ಎಸೆದರೆ ಥೆಂಥುಕ್. ಹೆಬ್ಬೆರಳಿನಿಂದ ಒತ್ತಿ ಕವಡೆಯಂತೆ ಮಡಚಿದರೆ ಭಾಥುಕ್. ಉದ್ದ ಎಳೆಯದಾದರೆ ಗ್ಯಾಥುಕ್. ಚಳಿ ನಾಡಿನಲ್ಲಿ ಮಾಂಸ, ಮೂಲಂಗಿ ಹಾಕಿ ಕುದಿಸುತ್ತಿದ್ದ ಸಾರು ಇಲ್ಲಿ ಸ್ಥಳೀಯ ಸಂತೆಯ ತರಕಾರಿಯನ್ನೂ ಹಸಿಮೆಣಸಿನಕಾಯಿಯನ್ನೂ ಸೇರಿಸಿಕೊಂಡಿದೆ. ಭತ್ತ, ರಾಗಿ, ಗೋಧಿಯ ಮೂರು ಎಳೆಗಳೂ ಹೀಗೆ ಒಂದೇ ಸೀಮೆಯಲ್ಲಿ ಅಕ್ಕಪಕ್ಕ ಬದುಕುತ್ತಿರುವ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ.

ನಾಲ್ಕನೆಯ ಎಳೆ ಕಾರ್ಖಾನೆಯದು. 1958ರಲ್ಲಿ ಜಪಾನಿನ ಮೊಮೊಫುಕು ಆಂದೊ, ಬೇಯಿಸಿದ ಗೋಧಿ ಎಳೆಯನ್ನು ಎಣ್ಣೆಯಲ್ಲಿ ಕರಿದು ನೀರಿನಂಶ ತೆಗೆಯುವ ವಿಧಾನ ಕಂಡುಹಿಡಿದ. ಬಿಸಿನೀರು ಸುರಿದರೆ ಮತ್ತೆ ಮೃದುವಾಗುವ ಆ ಎಳೆ ಇವತ್ತು ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಹೆಚ್ಚು ಪಾಲು ಖರ್ಚಾಗುತ್ತದೆ. ಭಾರತಕ್ಕೆ ಮ್ಯಾಗಿ ಬಂದದ್ದು 1983ರಲ್ಲಿ. 2015ರ ಜೂನ್‌ನಲ್ಲಿ ನಿಷೇಧಕ್ಕೊಳಗಾಗಿ, ಬಾಂಬೆ ಹೈಕೋರ್ಟ್ ಆ ಆದೇಶ ರದ್ದುಮಾಡಿದ ಮೇಲೆ ಮತ್ತೆ ತಯಾರಿ ಶುರುವಾದ ಕಾರ್ಖಾನೆಗಳಲ್ಲಿ ಪಕ್ಕದ ನಂಜನಗೂಡಿನದೂ ಒಂದು. ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರ, ಸತ್ಯಮಂಗಲ ದಾಟಿ ಸಾಗುತ್ತಿದ್ದ ಹಳೆಯ 209ನೇ ರಾಷ್ಟ್ರೀಯ ಹೆದ್ದಾರಿಯ ಇನ್ನೊಂದು ತುದಿ ದಿಂಡಿಗಲ್. ಅನಿಲ್ ಶಾವಿಗೆಯ ಊರು ಅದು. ಹಳ್ಳಿ ಅಂಗಡಿಯ ಗೂಟದಲ್ಲಿ ಎರಡೂ ಪೊಟ್ಟಣ ಒಟ್ಟಿಗೆ ನೇತಾಡುತ್ತವೆ. ಶಾವಿಗೆ ಉಪ್ಪಿಟ್ಟು, ಶಾವಿಗೆ ಪಾಯಸ, ಹೋಟೆಲಿನ ಶಾವಿಗೆ ಬಾತ್ ಎಲ್ಲವೂ ಈಗ ಈ ಒಣ ಗೋಧಿ ಎಳೆಯವು. ಹೊಸ ತಲೆಮಾರಿನ ಎಷ್ಟೋ ಮಕ್ಕಳಿಗೆ ಶಾವಿಗೆ ಎಂದರೆ ಅದೊಂದೇ.

ವಿಶ್ವಸಂಸ್ಥೆ 2023ನ್ನು ಕಿರುಧಾನ್ಯ ವರ್ಷವೆಂದು ಸಾರಿದ ಮೇಲೆ ರಾಗಿ, ನವಣೆ, ಸಾಮೆಯ ಶಾವಿಗೆ ಪೊಟ್ಟಣಗಳೂ ಹೆಚ್ಚಾಗಿವೆ. ಒಳ್ಳೆಯದೇ. ಆದರೆ ಪೊಟ್ಟಣದ ಹಿಂಬದಿಯನ್ನು ಓದಬೇಕು. ಎಳೆ ಒಡೆಯದಿರಲೆಂದು ಹಲವು ತಯಾರಿಕೆಗಳಲ್ಲಿ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ. ಗೋಧಿ ಒಗ್ಗದ ರೋಗಿಗಳು ರಾಗಿ ಎಂಬ ಹೆಸರು ನೋಡಿ ಮೋಸ ಹೋಗಬಾರದು. ಮನೆಯ ಒರಳಲ್ಲಿ ಒತ್ತಿದ ರಾಗಿ ಶಾವಿಗೆಗೆ ರಾಗಿ, ನೀರು, ಉಪ್ಪು ಸಾಕು.

ಬಿಸಿ ಒತ್ತು ಶಾವಿಗೆ ಪೊಟ್ಟಣಕ್ಕೆ ಒಗ್ಗದಿರುವುದೇ ಅದರ ಕಷ್ಟ. ಒಣಗಿಸಿದ ಅಕ್ಕಿ ಶಾವಿಗೆ ಅಂಗಡಿಯಲ್ಲಿ ಸಿಗುತ್ತದೆ, ಹೊರದೇಶದಲ್ಲಿರುವ ಕನ್ನಡಿಗರು ಚೀನೀ, ವಿಯೆಟ್ನಾಂ ಅಂಗಡಿಗಳ ಅಕ್ಕಿ ಎಳೆ ತಂದು ಕಾಯಿಹಾಲು ಸುರಿದುಕೊಳ್ಳುತ್ತಾರೆ. ಹಬ್ಬದ ಆಸೆ ತೀರುತ್ತದೆ, ಜಗಿತ ಮಾತ್ರ ಬರುವುದಿಲ್ಲ. ಆಗಷ್ಟೇ ಒತ್ತಿದ ಎಳೆಯ ಹದ ಕೆಲವು ಗಂಟೆಗಳದು. ಕೂಡು ಕುಟುಂಬ ಒಡೆದು ಮನೆಯಲ್ಲಿ ಕೈಗಳು ಕಡಿಮೆಯಾದ ಹಾಗೆಲ್ಲ ಒರಳು ಅಟ್ಟ ಸೇರಿತು. ಇದು ಯಾರ ಸೋಮಾರಿತನವೂ ಅಲ್ಲ. ಮೂವರು ಮಾಡುವ ಕೆಲಸವನ್ನು ಕೂಲಿಗೂ ಹೋಗಿ ಬರುವ ಹೆಂಗಸೊಬ್ಬಳ ಮೇಲೆ ಹಾಕಲು ಬರುವುದಿಲ್ಲ.

ಆದ್ದರಿಂದ ಒತ್ತು ಶಾವಿಗೆ ಉಳಿಯಬೇಕಾದರೆ ಅದು ಮನೆಯಿಂದ ಹೊರಗೂ ಬರಬೇಕು. ಥಾಯ್ಲೆಂಡ್, ವಿಯೆಟ್ನಾಮಿನಲ್ಲಿ ಹಸಿ ಅಕ್ಕಿ ಎಳೆಯನ್ನು ಬೆಳಿಗ್ಗೆ ಒತ್ತಿ ಅಂದೇ ಮಾರುವವರಿದ್ದಾರೆ, ಆದ್ದರಿಂದಲೇ ಅಲ್ಲಿ ಅದು ದಿನದ ಊಟವಾಗಿ ಉಳಿದಿದೆ. ಹಪ್ಪಳ, ಸಂಡಿಗೆ ಮಾಡಿ ಮಾರುವ ನಮ್ಮ ಸ್ತ್ರೀಶಕ್ತಿ ಸಂಘಗಳಿಗೆ ತಿರುಪಿನ ಒರಳು, ಹಬೆ ಪಾತ್ರೆ ದೊಡ್ಡ ಬಂಡವಾಳವಲ್ಲ. ಕೊಳ್ಳೇಗಾಲದ ಸಂತೆಯಲ್ಲಿ, ಮಾದಪ್ಪನ ಬೆಟ್ಟಕ್ಕೆ ಹೋಗುವ ಹನೂರಿನ ದಾರಿಯಲ್ಲಿ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವ ಕಡೆ, ಎಲೆಯ ಮೇಲೆ ಬಿಸಿ ಶಾವಿಗೆಗೆ ಕಾಯಿಹಾಲು ಹಾಕಿ ಕೊಟ್ಟರೆ ಕೊಳ್ಳುವವರಿಗೆ ಬರವಿರುವುದಿಲ್ಲ. ತಾಲ್ಲೂಕು ಪಂಚಾಯಿತಿಗಳು ಅದಕ್ಕೆ ಜಾಗ ಮಾಡಿಕೊಡಲಿ.

ಓದುಗರ ಮನೆಯ ಅಟ್ಟದಲ್ಲಿ ಹಳೆಯ ಮರದ ಒರಳು ಇದ್ದರೆ ಅದನ್ನು ಸೌದೆಗೋ ಗುಜರಿಗೋ ಹಾಕಬೇಡಿ. ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಸಡಿಲವಾದ ಗೂಟವನ್ನು ಬಡಗಿಯಿಂದ ಬಿಗಿ ಮಾಡಿಸಿ. ಹಿಟ್ಟಿಗೆ ಎಷ್ಟು ನೀರು, ಉಂಡೆ ಎಷ್ಟು ಹೊತ್ತು ಬೇಯಬೇಕು ಎಂಬುದು ಮನೆಯ ಹಿರಿಯ ಹೆಂಗಸರಿಗೆ ಗೊತ್ತಿರುತ್ತದೆ. ಅವರನ್ನು ಕೂರಿಸಿಕೊಂಡು ಬರೆದಿಟ್ಟುಕೊಳ್ಳಿ. ಬರುವ ಹಬ್ಬಕ್ಕೆ ನಂಟರನ್ನು ಕರೆದು, ಬಂದವರ ಕೈಗೂ ತೊಲೆ ಕೊಟ್ಟು ಒತ್ತಿಸಿ.